ನನಗೇನೂ ಆಗಿಲ್ಲ, ಬಸ್ಸು ತಂದು ನಿಲ್ಲಿಸಿ

1969ರ ಸೆಪ್ಟೆಂಬರ್ 26ರಂದು ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಸಾಹೇಬರು ಪತ್ರಕರ್ತರನ್ನು ಕೂರಿಸಿಕೊಂಡು ಖಡಾಖಂಡಿತ ಮಾತೊಂದನ್ನು ಹೇಳಿದರು. ವಿಯೆಟ್ನಾಂ ಯುದ್ಧದ ವಿರುದ್ಧ ಕಾಲೇಜುಗಳಲ್ಲಿ ಗಲಾಟೆ ನಡೆದಿರುವುದು ಗೊತ್ತು, ನಡೆಯಲಿ, ಯಾವ ಸಂದರ್ಭದಲ್ಲೂ ನನ್ನ ಮೇಲೆ ಅದರ ಪರಿಣಾಮ ಎಳ್ಳಷ್ಟೂ ಆಗದು ಎಂದರು.

ನವೆಂಬರ್ 15ಕ್ಕೆ ಲಕ್ಷಗಟ್ಟಲೆ ಜನ ವಾಷಿಂಗ್ಟನ್ನಿಗೆ ಬಂದಿಳಿದರು. ಎಳ್ಳಷ್ಟೂ ಅಲುಗದ ಸಾಹೇಬರ ಶ್ವೇತಭವನದ ಸುತ್ತ ಆ ದಿನ ಬಸ್ಸುಗಳನ್ನು ಒಂದರ ಮೂತಿಗೆ ಇನ್ನೊಂದರ ಬಾಲ ತಾಗುವಂತೆ ನಿಲ್ಲಿಸಿ ಕೋಟೆ ಕಟ್ಟಲಾಗಿತ್ತು. ಕೋಟೆಯೊಳಗೆ ಅವರು ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತಿದ್ದಾರೆಂಬ ಸುದ್ದಿ ಊರಿಗೆಲ್ಲ ತಲುಪುವ ವ್ಯವಸ್ಥೆಯೂ ಆಗಿತ್ತು. ಮಳೆಗೆ ನೆನೆಯುವ ಜಾಯಮಾನವೇ ನನ್ನದಲ್ಲ ಎನ್ನುತ್ತಾ ಮೂರು ಕೊಡೆ ಹಿಡಿದು ಹೊರಟವನನ್ನು ನೀವೂ ನೋಡಿರುತ್ತೀರಿ.

ಅದಕ್ಕೂ ಮುಂಚೆ, ನವೆಂಬರ್ 3ರ ಭಾಷಣದಲ್ಲಿ, ದೇಶದ 'ಮೌನ ಬಹುಸಂಖ್ಯಾತರು' ನನ್ನ ಜೊತೆಗಿರಲಿ ಎಂದು ಕೇಳಿಕೊಂಡಿದ್ದರು. ಮೇಜಿನ ಮೇಲೆ ಟೆಲಿಗ್ರಾಂಗಳ ಗುಡ್ಡೆ ಬಿತ್ತು, ಫೋಟೊ ತೆಗೆಸಿದ್ದಾಯಿತು. ಆ ಗುಡ್ಡೆಯಲ್ಲಿ ಮೊದಲೇ ಹೇಳಿ ತರಿಸಿಕೊಂಡವೂ ಇದ್ದವೆಂದು ಅವರ ಕಚೇರಿಯಲ್ಲೇ ಇದ್ದ ಅಲೆಕ್ಸಾಂಡರ್ ಬಟರ್‌ಫೀಲ್ಡ್ ಎಷ್ಟೋ ವರ್ಷಗಳ ಮೇಲೆ ಬಾಯಿಬಿಟ್ಟರು. ಮೌನಿಗಳನ್ನು ಮಾತಾಡಿಸುವುದೂ ಸುಲಭದ ಕೆಲಸವಲ್ಲ ನೋಡಿ.

ಇನ್ನು ವಿದೇಶಿ ಕೈವಾಡದ ಶೋಧ. ಹುಡುಗರ ಹಿಂದೆ ಯಾರೋ ಇದ್ದಾರೆ, ಹುಡುಕಿ ಎಂದು ಹಿಂದಿನ ಅಧ್ಯಕ್ಷ ಜಾನ್ಸನ್ ಸಿಐಎಗೆ ಹೇಳಿದ್ದರು. ಯಾರೂ ಇಲ್ಲ ಎಂದು ವರದಿ ಬಂತು. ನಿಕ್ಸನ್ ಬಂದಮೇಲೂ ಹುಡುಕಾಟ ನಿಲ್ಲಲಿಲ್ಲ. ಹತ್ತೊಂಬತ್ತರ ಹುಡುಗನಿಗೆ ಸಾಯಲು ಇಷ್ಟವಿಲ್ಲ ಎಂಬ ಸಾದಾ ಕಾರಣಕ್ಕಿಂತ ಮಾಸ್ಕೋದಿಂದ ದುಡ್ಡು ಬರುತ್ತಿದೆ ಎಂಬುದೇ ದೊಡ್ಡವರಿಗೆ ರುಚಿಸುತ್ತದೆ. (ಈ ಕಾಯಿಲೆಗೆ ನಮ್ಮ ಕಡೆಯೂ ಮದ್ದು ಸಿಕ್ಕಿಲ್ಲ, ಬಿಡಿ.) ಅಂದಹಾಗೆ, ಆ ಹುಡುಗನನ್ನು ಯುದ್ಧಕ್ಕೆ ಕಳಿಸಲು 18 ಸಾಕಿತ್ತು. ಕಳಿಸುವವರಿಗೆ ಮತ ಹಾಕಲು ಬಹುತೇಕ ರಾಜ್ಯಗಳಲ್ಲಿ 21 ತುಂಬಬೇಕಿತ್ತು.

ತಮಾಷೆ ಇರುವುದು ಇಲ್ಲಿ. ನವೆಂಬರ್ 1ರೊಳಗೆ ಬಗ್ಗದಿದ್ದರೆ ಭಾರೀ ದಾಳಿ ಮಾಡುತ್ತೇವೆಂದು ನಿಕ್ಸನ್ ಅದೇ ವರ್ಷ ಉತ್ತರ ವಿಯೆಟ್ನಾಂನ ರಾಜಧಾನಿ ಹನೋಯ್‌ಗೆ ಒಳಗಿಂದೊಳಗೆ ಗಡುವು ಕೊಟ್ಟಿದ್ದರು. ಯೋಜನೆಗೆ 'ಡಕ್ ಹುಕ್' ಎಂಬ ಹೆಸರೂ ಇತ್ತು. ಗಡುವು ಬಂತು, ಹೋಯಿತು, ದಾಳಿ ನಡೆಯಲಿಲ್ಲ. ಬೀದಿಯ ಪ್ರತಿಭಟನೆಗಳಿಂದ ಆ ಗಡುವಿಗೆ ಕಿಮ್ಮತ್ತಿಲ್ಲದಂತಾಯಿತೆಂದು ಆಮೇಲೆ ಆತ್ಮಕಥೆಯಲ್ಲಿ ಹಲುಬಿದವರು ಇದೇ ಎಳ್ಳಷ್ಟೂ ಅಲುಗದ ಸಾಹೇಬರು. ಬೀದಿಯಲ್ಲಿ ಕೂಗಿದ ಹುಡುಗರಿಗೆ ತಾವು ಏನನ್ನು ತಡೆದೆವೆಂಬುದೇ ಆಗ ಗೊತ್ತಿರಲಿಲ್ಲ.

ಹಾಗಂತ ಹುಡುಗರು ಗೆದ್ದರೆಂದು ನಾನೇನೂ ಕುಣಿಯಲಾರೆ. 1970ರ ಏಪ್ರಿಲ್ 30ರಂದು ಸಾಹೇಬರು ಕಾಂಬೋಡಿಯಾಕ್ಕೂ ಸೇನೆ ನುಗ್ಗಿಸಿದರು. ಮಾರನೇ ದಿನ ಪ್ರತಿಭಟನಾಕಾರರನ್ನು ಪೋಲಿಗಳೆಂದು ಜರೆದರು. ಮೇ 4ರಂದು ಒಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರು 13 ಸೆಕೆಂಡುಗಳಲ್ಲಿ 67 ಗುಂಡು ಹಾರಿಸಿದರು. ನಾಲ್ವರು ವಿದ್ಯಾರ್ಥಿಗಳು ಸತ್ತರು. ಅವರಲ್ಲಿ ಇಬ್ಬರು ತರಗತಿಗೆ ಹೊರಟಿದ್ದವರು.

ಕಾಲೇಜುಗಳು ಮುಚ್ಚತೊಡಗಿದವು. ಸಾಹೇಬರಿಗೆ ನಿದ್ದೆ ಹೋಯಿತು. ಮೇ 8ರ ರಾತ್ರಿಯಿಡೀ ಕಂಡಕಂಡವರಿಗೆ ಫೋನು ತಿರುಗಿಸಿ, ಬೆಳಗಿನ ಜಾವ ಸೇವಕ ಮಾನೋಲೊ ಸಾಂಚೆಜ್‌ನನ್ನು ಕರೆದುಕೊಂಡು, ಭದ್ರತಾ ಸಿಬ್ಬಂದಿಯ ಎದೆ ಬಡಿತ ಹೆಚ್ಚಿಸಿ, ಲಿಂಕನ್ ಸ್ಮಾರಕಕ್ಕೆ ಹೊರಟೇಬಿಟ್ಟರು. ಮೆಟ್ಟಿಲ ಮೇಲೆ ಪ್ರತಿಭಟನೆಗೆ ಬಂದ ಹುಡುಗ ಹುಡುಗಿಯರು ಕಣ್ಣುಜ್ಜಿಕೊಂಡು ನೋಡಿದರೆ ಎದುರಿಗೆ ಅಧ್ಯಕ್ಷರು! ಯುದ್ಧದ ಮಾತೂ ಬಂತಂತೆ. ಆದರೆ ಸಿರಾಕ್ಯೂಸ್ ವಿಶ್ವವಿದ್ಯಾಲಯದವರ ಹತ್ತಿರ ಫುಟ್‌ಬಾಲ್, ಕ್ಯಾಲಿಫೋರ್ನಿಯಾದವರ ಹತ್ತಿರ ಕಡಲ ಅಲೆಯಾಟ ಎಂದು ಸಾಹೇಬರು ಕುಶಲ ವಿಚಾರಿಸಿದ್ದೇ ಹುಡುಗರ ನೆನಪಲ್ಲಿ ಉಳಿಯಿತು. ಕೊನೆಗೆ ಹೋಟೆಲಿಗೆ ಹೋಗಿ ಮಾಂಸ, ಮೊಟ್ಟೆಯ ತಿಂಡಿ ತಿಂದು ಮನೆ ಸೇರಿದರು. ಕಾಂಬೋಡಿಯಾದ ಸೇನೆ ಜೂನ್ ಕೊನೆಗೆ ಹಿಂದಕ್ಕೆ ಬಂತು. 1972ರಲ್ಲಿ ಸಾಹೇಬರು 50 ರಾಜ್ಯಗಳಲ್ಲಿ 49 ಗೆದ್ದರು. ಯಾರ ಪ್ರಭಾವ ಯಾರ ಮೇಲೆ ಎಂದು ಲೆಕ್ಕ ಹಾಕುವವರು ಹಾಕಿಕೊಳ್ಳಲಿ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಹ್ಯಾಮಿಲ್ಟನ್ ಹಾಲ್ ಹಿಡಿದು ಕೂತಿದ್ದ ವಿದ್ಯಾರ್ಥಿಗಳನ್ನು ಪೊಲೀಸರು ಬಂಧಿಸಿ ಹೊರತಂದದ್ದು 1968ರ ಏಪ್ರಿಲ್ 30ರಂದು. ಗಾಜಾ ಯುದ್ಧದ ವಿರುದ್ಧ ಅದೇ ಕಟ್ಟಡ ಹಿಡಿದವರನ್ನು ಹೊರಗೆಳೆದದ್ದು 2024ರ ಏಪ್ರಿಲ್ 30ರಂದು. ತಾರೀಖನ್ನಾದರೂ ಬದಲಿಸಬಹುದಿತ್ತು. ಎರಡು ದಿನ ಬಿಟ್ಟು ಪತ್ರಕರ್ತರೊಬ್ಬರು, ಪ್ರತಿಭಟನೆಗಳಿಂದಾಗಿ ನಿಮ್ಮ ನೀತಿಯನ್ನು ಮರುಪರಿಶೀಲಿಸುವಂತಾಯಿತೇ ಎಂದು ಆಗಿನ ಅಧ್ಯಕ್ಷ ಜೋ ಬೈಡನ್ ಅವರನ್ನು ಕೇಳಿದರು. ಒಂದೇ ಪದದ ಉತ್ತರ: ಇಲ್ಲ. ಇಸ್ರೇಲಿಗೆ ಹೋಗಬೇಕಿದ್ದ 2,000 ಪೌಂಡ್ ತೂಕದ ಬಾಂಬುಗಳ ಒಂದು ಕಂತನ್ನು ತಡೆಹಿಡಿದ ಸುದ್ದಿ ಅದಾದ ಕೆಲವೇ ದಿನಗಳಲ್ಲಿ ಹೊರಬಿತ್ತು. ಅದು ಗಾಜಾದ ರಫಾ ನಗರದ ಮೇಲೆ ದಾಳಿಯಾದೀತೆಂಬ ಆತಂಕಕ್ಕಾಗಿ, ಬೇರೇನಿಲ್ಲ, ಎಂದರು. ಇರಬಹುದು. ರಾತ್ರಿ ನಿದ್ದೆ ಸರಿಯಾಗಿ ಬರುತ್ತಿದೆಯೇ ಸಾರ್ ಎಂದು ಮಾತ್ರ ಯಾರೂ ಕೇಳಲಿಲ್ಲ.