ಗುಡ್ಡ ಕುಸಿದ ಜಾಗದಲ್ಲೇ ಸ್ಮಾರಕ ಇರಬೇಕಾ? ಜನ ಹೋಗಿ ನೋಡಬೇಕಾ?

ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿ. 2018ರ ಆಗಸ್ಟ್ ಮಳೆಯಲ್ಲಿ ಗುಡ್ಡ ಜಾರಿದ ಕೊಡಗಿನ ಊರುಗಳಿವು. ಮರುವರ್ಷ ತೋರ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಇಂಥ ಕಡೆ ಸ್ಮಾರಕ ಕಟ್ಟಬೇಕು, ಜನ ಹೋಗಿ ನೋಡಿ ಬರಬೇಕು ಅನ್ನುವವರಿದ್ದಾರೆ. ಬೇಡವೇ ಬೇಡ ಅನ್ನುವವರೂ ಇದ್ದಾರೆ. ಎರಡೂ ಮಾತು ಇಲ್ಲಿವೆ.

ಪರ: ಹೋಗಬೇಕು, ಅಲ್ಲೇ ನಿಂತು ನೋಡಬೇಕು

ಮಡಿಕೇರಿಯಿಂದ ಮಾದಾಪುರ ಕಡೆ ಹೋಗುವ ಬಸ್ಸಿನಲ್ಲಿ ಕೂತು ಹೊರಗೆ ನೋಡಿದರೆ ಈಗ ಎಲ್ಲ ಹಸಿರೇ. ಕುಸಿದ ಬರೆಯ, ಅಂದರೆ ಗುಡ್ಡದ ಕಡಿದಾದ ಇಳಿಜಾರಿನ, ಮೇಲೆ ಹುಲ್ಲು ಬಂದಿದೆ, ಪೊದೆ ಬೆಳೆದಿದೆ. ಹೊರಗಿನವರಿಗೆ ಬಿಡಿ, ಆಗ ತೊಟ್ಟಿಲಲ್ಲಿದ್ದ ನಮ್ಮ ಮಕ್ಕಳಿಗೂ ಇಲ್ಲಿ ಏನಾಗಿತ್ತು ಅಂತ ತಿಳಿಯುವುದಿಲ್ಲ.

ತಿಳಿಯದಿದ್ದರೆ ಏನಾಗುತ್ತದೆ ಅಂತ ನಮಗೆ ಗೊತ್ತಿದೆ. ಅಂಥದ್ದೇ ಇಳಿಜಾರಿನಲ್ಲಿ ಮತ್ತೆ ಜೆಸಿಬಿ ಬಂದು ನಿಲ್ಲುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬಂದು ಪರಿಶೀಲಿಸಿದಾಗ ಮಳೆಯೊಂದನ್ನೇ ದೂರಲಿಲ್ಲ. ರಸ್ತೆಗೆ, ಮನೆಗೆ, ಹೋಂಸ್ಟೇಗೆ ಅಂತ ಗುಡ್ಡವನ್ನು ಕಡಿದದ್ದೂ ದೊಡ್ಡ ಕಾರಣ ಅಂದರು. ಇದನ್ನು ವರದಿಯಲ್ಲಿ ಓದಿದರೆ ಒಂದು ವಾರ ನೆನಪಿರುತ್ತದೆ. ಕುಸಿದ ಬರೆಯ ಬುಡದಲ್ಲಿ ನಿಂತು, ಕತ್ತೆತ್ತಿ ನೋಡಿ, ಅಷ್ಟು ಮೇಲಿಂದ ಮಣ್ಣು, ನೀರು, ಬುಡಸಮೇತ ಕಿತ್ತ ಮರ ಎಲ್ಲ ಒಟ್ಟಿಗೆ ಬಂದದ್ದು ಹೀಗೆ ಅಂತ ಊರಿನವರೊಬ್ಬರು ಕೈ ತೋರಿಸಿ ಹೇಳಿದರೆ, ಮುಂದೆ ತಾನೇ ಮನೆ ಕಟ್ಟಲು ಹೊರಟಾಗ ಆ ಮನುಷ್ಯ ಒಮ್ಮೆ ನಿಂತು ಯೋಚಿಸುತ್ತಾನೆ.

ಜಪಾನಿನಲ್ಲಿ ಅನೆಯೋಶಿ ಅಂತ ಪುಟ್ಟ ಊರಿದೆ. 1933ರ ಸುನಾಮಿ ಆದಮೇಲೆ ಅಲ್ಲಿ ಒಂದು ಕಲ್ಲು ನೆಟ್ಟರು. ಇಲ್ಲಿಂದ ಕೆಳಗೆ ಮನೆ ಕಟ್ಟಬೇಡಿ ಅಂತ ಅದರ ಮೇಲೆ ಬರೆದರು. ಊರಿನವರು ಆ ಮಾತು ನಡೆಸಿಕೊಂಡು ಬಂದರು. 2011ರಲ್ಲಿ ಮತ್ತೆ ಸುನಾಮಿ ಬಂದಾಗ ನೀರು ಆ ಕಲ್ಲಿನವರೆಗೂ ಏರಲಿಲ್ಲ. ಮೇಲಿದ್ದ ಮನೆಗಳು ಉಳಿದವು. ಆ ಕಲ್ಲು ಬೇರೆ ಎಲ್ಲೋ ಮ್ಯೂಸಿಯಂನಲ್ಲಿ ಇದ್ದಿದ್ದರೆ ಏನು ಉಪಯೋಗ ಹೇಳಿ?

ಕಲ್ಲು ನಿಲ್ಲಿಸಿ ಸತ್ತವರನ್ನು ನೆನೆಯುವುದು ಕೊಡಗಿಗೆ ಹೊಸದೂ ಅಲ್ಲ. ಹಳೆಯ ವೀರಗಲ್ಲುಗಳು ಇಲ್ಲಿ ಎಷ್ಟೋ ಕಡೆ ಇವೆ. ಐನ್‌ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ಹತ್ತಿರ ಹಿರಿಯರ ಗುಡಿ ಕೈಮಡ ಇರುತ್ತದೆ, ಕುಟುಂಬದ ಮೂಲಪುರುಷ ಕಾರಣೋನಿಗೆ ಅಲ್ಲೇ ಮೀದಿ, ಅಂದರೆ ಎಡೆ, ಇಡುತ್ತೇವೆ. ಆದರೆ ತೋಟದ ಲೈನ್ ಮನೆಗಳಲ್ಲಿ, ಕೂಲಿಯವರ ಸಾಲು ಮನೆಗಳಲ್ಲಿ, ಬದುಕುವವರಿಗೆ ಐನ್‌ಮನೆ ಎಲ್ಲಿದೆ, ಕೈಮಡ ಎಲ್ಲಿದೆ? ಮಣ್ಣು ಬಂದಾಗ ಅವರನ್ನೂ ನಮ್ಮನ್ನೂ ಬೇರೆ ಮಾಡಿ ನೋಡುವುದಿಲ್ಲ. ನೆನೆಯುವಾಗ ಮಾತ್ರ ನಾವು ಬೇರೆ ಮಾಡುತ್ತೇವೆ. ಗುಜರಾತಿನ ಭುಜ್‌ನಲ್ಲಿ 2001ರ ಭೂಕಂಪದ ನೆನಪಿಗೆ ಸ್ಮೃತಿವನ ಮಾಡಿದ್ದಾರೆ. ಸತ್ತ 12,932 ಜನರ ಹೆಸರನ್ನೂ ಅಲ್ಲಿ ಬರೆದಿದ್ದಾರೆ, ಒಬ್ಬೊಬ್ಬರದೂ ಬೇರೆ ಬೇರೆಯಾಗಿ. ನಮ್ಮಲ್ಲೂ ಹಾಗೆ ಆಗಬೇಕು ಅಂತ ನನಗೆ ತುಂಬಾ ಆಸೆ. ಜಮೀನು ಇದ್ದವರು, ಕೂಲಿಗೆ ಬಂದವರು, ಎಲ್ಲರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ.

ಬಂದವರು ಸೆಲ್ಫಿ ತೆಗೆಯುತ್ತಾರೆ ಅನ್ನುತ್ತೀರಿ. ತೆಗೆಯುವವರು ಇದ್ದೇ ಇರುತ್ತಾರೆ. ಅವರಿಗಾಗಿ ದಾರಿ ಮುಚ್ಚಿದರೆ ನಿಜವಾಗಿ ನೆನೆಯಲು ಬರುವವರಿಗೂ ಮುಚ್ಚಿದ ಹಾಗೆ ಅಲ್ವಾ?

ವಿರೋಧ: ಆ ಜಾಗವನ್ನು ಅಲ್ಲಿಯವರಿಗೆ ಬಿಡಿ

ರಾಜಾಸೀಟ್, ಅಬ್ಬಿ ಜಲಪಾತ, ದುಬಾರೆ, ಮಾಂದಲ್‌ಪಟ್ಟಿ. ವಾರಾಂತ್ಯಕ್ಕೆ ಕೊಡಗಿಗೆ ಬರುವವರ ಹತ್ತಿರ ಈ ಪಟ್ಟಿ ಇರುತ್ತದೆ. ಸ್ಮಾರಕ ಕಟ್ಟಿದ ದಿನವೇ ಅದೂ ಪಟ್ಟಿಗೆ ಸೇರುತ್ತದೆ. ಜೀಪಿನವರು ದಾರಿಯಲ್ಲಿ ಹತ್ತು ನಿಮಿಷ ನಿಲ್ಲಿಸುತ್ತಾರೆ. ಅವರನ್ನು ದೂರಿ ಫಲವಿಲ್ಲ, ಅವರ ಹೊಟ್ಟೆಪಾಡು ಅದು.

ನನ್ನ ಚಿಂತೆ ಅಲ್ಲೇ ಇರುವವರದು. ಮನೆ ಕಳೆದುಕೊಂಡವರಿಗೆ ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಹೊಸ ಮನೆ ಸಿಕ್ಕಿತು. ತೋಟ ಮಾತ್ರ ಹಳೆಯ ಜಾಗದಲ್ಲೇ ಉಳಿಯಿತು. ಕಾಫಿ ಕುಯ್ಯಲು, ಮೆಣಸಿನ ಬಳ್ಳಿ ನೋಡಲು ಆ ಮಣ್ಣಿಗೇ ಬರಬೇಕು. ಹಾಗೆ ಕೆಲಸಕ್ಕೆ ಬಂದವರನ್ನು ಗುರುತಿಲ್ಲದವರು ನಿಲ್ಲಿಸಿ, ನಿಮ್ಮ ಮನೆಯಲ್ಲಿ ಯಾರಿಗೆ ಏನಾಯಿತು ಅಂತ ಕೇಳುವುದು, ಅವರು ಹೇಳುವಾಗ ಮೊಬೈಲ್ ಹಿಡಿಯುವುದು, ಇದನ್ನು ಪ್ರತಿ ಭಾನುವಾರ ಅವರು ಸಹಿಸಿಕೊಳ್ಳಬೇಕಾ? ಸಾವಿನ ಮನೆಗೆ ಹೋಗುವುದಕ್ಕೂ ನಮ್ಮಲ್ಲಿ ಒಂದು ರೀತಿ ಇದೆ. ಗೊತ್ತಿರುವವರು ಹೋಗುತ್ತಾರೆ, ಜಾಸ್ತಿ ಮಾತಾಡದೆ ಕೂತು ಬರುತ್ತಾರೆ.

ಕುಟ್ಟ ದಾಟಿದರೆ ವಯನಾಡು. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಬಂದಾಗ, ಇನ್ನೂ ಮಣ್ಣಿನಡಿ ಜನರನ್ನು ಹುಡುಕುತ್ತಿದ್ದರು. ಆಗಲೇ ಸುಮ್ನೆ ನೋಡಲು ಬರಬೇಡಿ ಅಂತ ಕೇರಳ ಪೊಲೀಸರು ಕೇಳಿಕೊಳ್ಳಬೇಕಾಯಿತು. ಬ್ರಹ್ಮಗಿರಿಯಲ್ಲಿ ಮಣ್ಣಿನಡಿ ಸಿಲುಕಿದ ಐದು ಜನರಲ್ಲಿ ಎಲ್ಲರ ದೇಹವೂ ಸಿಗಲಿಲ್ಲ, ಕೆಲವರದು ಮಾತ್ರ ಸಿಕ್ಕಿತು. ಸಿಗದವರು ಇನ್ನೂ ಅಲ್ಲೇ ಇದ್ದಾರೆ. ಅದರ ಮೇಲೆ ನಡೆದಾಡಿ ನಾವು ಪಾಠ ಕಲಿಯಬೇಕು ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ವಿಷಯವನ್ನು ಪರ ಮಾತಾಡುವವರು ಹೇಳುವುದೇ ಇಲ್ಲ. 2018, 2019, 2020, ಮೂರೂ ವರ್ಷ ದುರಂತ ಆದದ್ದು ಆಗಸ್ಟ್‌ನಲ್ಲಿ. ವರ್ಷದ ನೆನಪು ಅಂತ ಜನರನ್ನು ಕರೆದರೆ, ಬರೆ ನೀರು ಕುಡಿದು ನಿಂತಿರುವ ತಿಂಗಳಲ್ಲೇ ಅವರನ್ನು ಬರೆಯ ಕೆಳಗೆ ಕರೆದ ಹಾಗೆ. ಜನ ಬರಬೇಕು ಅಂದರೆ ರಸ್ತೆ ಅಗಲ ಮಾಡಬೇಕು. ಪಾರ್ಕಿಂಗ್ ಬೇಕು, ಶೌಚಾಲಯ ಬೇಕು, ನಾಳೆ ಎರಡು ಅಂಗಡಿ ಬರುತ್ತವೆ. ಅದಕ್ಕೆಲ್ಲ ಸಮತಟ್ಟು ಜಾಗ ಎಲ್ಲಿಂದ ತರುತ್ತೀರಿ? ಗುಡ್ಡ ಕಡಿದೇ ತರಬೇಕು.

ಚೆನ್ನಾಗಿ ಕಾಣಿಸಬೇಕು ಅನ್ನುವ ಆಸೆಯೂ ಅಷ್ಟೇ ಕೆಟ್ಟದ್ದು. ಜಲಿಯನ್‌ವಾಲಾ ಬಾಗ್‌ಗೆ ಹೋಗುವ ಇಕ್ಕಟ್ಟು ಓಣಿಯಲ್ಲೇ 1919ರಲ್ಲಿ ಸೈನಿಕರು ಒಳಗೆ ಬಂದದ್ದು. 2021ರಲ್ಲಿ ಅದನ್ನು ನವೀಕರಿಸಿ ಗೋಡೆಯ ಮೇಲೆ ಉಬ್ಬು ಚಿತ್ರ ಮಾಡಿದರು. ಇತಿಹಾಸಕಾರರು ಬೇಸರಪಟ್ಟರು, ಅಷ್ಟರಲ್ಲಿ ಕೆಲಸ ಮುಗಿದಿತ್ತು.

ನೆನಪು ಬೇಡ ಅಂತ ನಾನು ಹೇಳುತ್ತಿಲ್ಲ. ಹೆಸರುಗಳನ್ನು ಬರೆಯುವುದು, ಕೂಲಿಯವರ ಹೆಸರನ್ನೂ ಬರೆಯುವುದು, ಅದು ಆಗಲೇಬೇಕು. ಅದಕ್ಕೆ ಆ ಗುಡ್ಡವೇ ಯಾಕೆ? 2010ರಲ್ಲಿ ಮಂಗಳೂರು ವಿಮಾನ ದುರಂತದಲ್ಲಿ 158 ಜನ ಹೋದರು. ಅವರ ಸ್ಮಾರಕ ವಿಮಾನ ಬಿದ್ದ ಕಂದರದಲ್ಲಿಲ್ಲ, ದೂರದ ತಣ್ಣೀರುಬಾವಿ ಕಡೆ ಫಲ್ಗುಣಿ ನದಿಯ ದಡದಲ್ಲಿದೆ. ಮೇ 22ಕ್ಕೆ ಅಲ್ಲಿ ಹೂವಿಟ್ಟು ನಮಿಸುತ್ತಾರೆ. ನಮ್ಮದೂ ಮಡಿಕೇರಿ ಪೇಟೆಯಲ್ಲಿ ಇರಲಿ. ಶಾಲೆ ಮಕ್ಕಳು ನಡೆದು ಬರುವಷ್ಟು ಹತ್ತಿರ, ಯಾವ ಬರೆಯ ಕೆಳಗೂ ಅಲ್ಲದ ಕಡೆ. ಗುಡ್ಡ ಯಾಕೆ ಜಾರಿತು ಅಂತ ಚಿತ್ರ, ಮಾದರಿ ಇಟ್ಟು ಅಲ್ಲೇ ಹೇಳಿಕೊಡಬಹುದು. ಊರಿಗೇ ಹೋಗಿ ನೋಡಬೇಕು ಅನ್ನುವವರು ಮೊದಲು ಊರಿನವರನ್ನು ಕೇಳಲಿ. ಬನ್ನಿ ಅಂದರೆ ಹೋಗಲಿ.