ಬಿಸಿಯಾಗುವ ಹೆಡ್‌ಫೋನ್ ಆಂಪ್ಲಿಫೈಯರ್‌ಗೆ ಹೀಟ್‌ಸಿಂಕ್ ಮದ್ದಲ್ಲ

ಜೇಬಿನಲ್ಲಿ ಹಿಡಿಸುವ ಹೆಡ್‌ಫೋನ್ ಆಂಪ್ಲಿಫೈಯರ್ ಬಿಸಿಯಾಗುತ್ತಿದೆ ಎಂದು ಯಾರಾದರೂ ಹೇಳಿಕೊಂಡ ಕೂಡಲೇ ಬರುವ ಸಲಹೆಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಡಬ್ಬಿಗೆ ತೂತು ಕೊರೆಯಿರಿ, ಐಸಿಯ (ಚಿಪ್ಪಿನ) ಬೆನ್ನಿಗೆ ಶಾಖ ಹೀರಿ ಗಾಳಿಗೆ ಬಿಡುವ ಲೋಹದ ತುಂಡು, ಅಂದರೆ ಹೀಟ್‌ಸಿಂಕ್, ಅಂಟಿಸಿ, ವಾಲ್ಯೂಮ್ ಕಡಿಮೆ ಇಟ್ಟು ಕೇಳಿ. ಇವನ್ನೆಲ್ಲ ನಾನೂ ಮಾಡಿ ನೋಡಿದವನೇ. ಒಂದೇ ಒಂದು 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಉಪಕರಣ ಕೈ ಸುಡುವಷ್ಟು ಕಾಯುತ್ತಿದ್ದರೆ ಅಲ್ಲಿ ಕೊರತೆಯಾಗಿರುವುದು ಗಾಳಿಯಲ್ಲ, ಎಲ್ಲೋ ಹರಿಯಬಾರದ ಕರೆಂಟ್ ಹರಿಯುತ್ತಿದೆ. ಅದೆಷ್ಟು ಎಂದು ಅಳೆಯದೆ ತಣ್ಣಗಾಗಿಸಲು ಹೊರಡುವುದು ಜ್ವರ ಬಂದವನಿಗೆ ಬೀಸಣಿಗೆ ಬೀಸಿದಂತೆ.

ನನ್ನದು ಚು ಮಾಯ್ ಅವರ ಪ್ರಸಿದ್ಧ ವಿನ್ಯಾಸವನ್ನು ಅನುಸರಿಸಿ ನಾನೇ ಬೆಸುಗೆ ಹಾಕಿ ಕಟ್ಟಿದ್ದು. ಹವ್ಯಾಸಿಗಳು ಅದನ್ನು ಸಿಮಾಯ್ ಎನ್ನುತ್ತಾರೆ. ಸಂಕೇತವನ್ನು ಹಿಗ್ಗಿಸುವ ಎರಡು ಆಪ್-ಆಂಪ್‌ಗಳಿರುವ ಎಂಟು ಕಾಲಿನ ಐಸಿ, ಬ್ಯಾಟರಿಯ ವೋಲ್ಟೇಜನ್ನು ಎರಡು ಪಾಲು ಮಾಡಿ ನಡುವೆ ವರ್ಚುಯಲ್ ಗ್ರೌಂಡ್ (ಸೊನ್ನೆ ವೋಲ್ಟ್ ಎಂದು ಎಣಿಸುವ ನಡುಬಿಂದು) ಒದಗಿಸುವ ಎರಡು ರೆಸಿಸ್ಟರ್‌ಗಳು, ಕೆಲವು ಕೆಪಾಸಿಟರ್‌ಗಳು, ತಗಡಿನ ಪುಟ್ಟ ಡಬ್ಬಿ. ಒಪಿಎ2134 ಎಂಬ ಐಸಿ ಇದ್ದಷ್ಟು ಕಾಲ ಅದು ತಣ್ಣಗೆ ಹಾಡಿಕೊಂಡಿತ್ತು. ಅದಕ್ಕಿಂತ ಉತ್ತಮವೆಂದು ಎಲ್ಲರೂ ಹೊಗಳುತ್ತಿದ್ದ ಎಲ್‌ಎಂ4562 ಅನ್ನು ಅದೇ ಸಾಕೆಟ್ಟಿನಲ್ಲಿ ಕೂರಿಸಿದ ದಿನದಿಂದ ಡಬ್ಬಿಯ ಮುಚ್ಚಳ ಬೆಚ್ಚಗಾಗತೊಡಗಿತು, ಬ್ಯಾಟರಿಯೂ ಬೇಗ ಮುಗಿಯತೊಡಗಿತು. ಈ ಎರಡನೆಯ ಸುಳಿವನ್ನು ನಾನು ಕಡೆಗಣಿಸಿದೆ. ಬ್ಯಾಟರಿಯೇ ಕಳಪೆ ಎಂದುಕೊಂಡು ಮುಚ್ಚಳಕ್ಕೆ ಆರು ತೂತು ಕೊರೆದೆ.

ಕೊನೆಗೂ ಅಳೆದದ್ದು ಹೀಗೆ. ಬ್ಯಾಟರಿಯ ಕ್ಲಿಪ್ಪನ್ನು ಪಕ್ಕಕ್ಕೆ ತಿರುಗಿಸಿ ಒಂದು ಗುಂಡಿ ಮಾತ್ರ ಕಚ್ಚಿಕೊಂಡಿರುವಂತೆ ಮಾಡಿ, ಉಳಿದ ಎರಡು ತುದಿಗಳ ನಡುವೆ ಮಿಲಿಆಂಪಿಯರ್ ಅಳತೆಗೆ ಇಟ್ಟ ಮಲ್ಟಿಮೀಟರನ್ನು ಸೇರಿಸಬೇಕು. ಹಾಡು ನಿಲ್ಲಿಸಿದ್ದಾಗ ಎಲ್‌ಎಂ4562 ಸುಮಾರು 10 ಮಿಲಿಆಂಪಿಯರ್ ಎಳೆಯಬೇಕು. ನನ್ನ ಮೀಟರ್ 48 ತೋರಿಸುತ್ತಿತ್ತು. 9 ವೋಲ್ಟಿನಿಂದ ಗುಣಿಸಿದರೆ 430 ಮಿಲಿವ್ಯಾಟಿಗೂ ಹೆಚ್ಚು. ಎಂಟು ಕಾಲಿನ ಈ ಪ್ಲಾಸ್ಟಿಕ್ ಕವಚದೊಳಗಿನ ಚಿಪ್, ಪ್ರತಿ ವ್ಯಾಟಿಗೆ ಸುತ್ತಲಿನ ಗಾಳಿಗಿಂತ ಸುಮಾರು 100 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಅಂದರೆ ಕೋಣೆಯ ತಾಪದ ಮೇಲೆ ಇನ್ನೂ 43 ಡಿಗ್ರಿ. ಸರಿಯಾದ 10 ಮಿಲಿಆಂಪಿಯರ್ ಇದ್ದಿದ್ದರೆ ಈ ಏರಿಕೆ 9 ಡಿಗ್ರಿಗೆ ನಿಲ್ಲುತ್ತಿತ್ತು, ಬೆರಳಿಗೆ ಅಷ್ಟಾಗಿ ತಿಳಿಯುತ್ತಲೂ ಇರಲಿಲ್ಲ.

ಹೆಚ್ಚುವರಿ ಕರೆಂಟ್ ಏಕೆಂಬುದಕ್ಕೆ ಮೀಟರೇ ಉತ್ತರ ಕೊಟ್ಟಿತು. ಹೆಡ್‌ಫೋನ್ ಕಳಚಿದರೆ ಅಂಕಿ ಥಟ್ಟನೆ ಇಳಿಯುತ್ತಿತ್ತು, ಇನ್‌ಪುಟ್ ತಂತಿಯನ್ನು ಬೆರಳಿನಿಂದ ಮುಟ್ಟಿದರೆ ಅತ್ತಿತ್ತ ಹಾರುತ್ತಿತ್ತು. ಇದು ಆಸಿಲೇಶನ್‌ನ, ಅಂದರೆ ಆಂಪ್ಲಿಫೈಯರ್ ತಾನಾಗಿಯೇ ಕಂಪಿಸುವುದರ, ಲಕ್ಷಣ. ಒಪಿಎ2134ರ ಬ್ಯಾಂಡ್‌ವಿಡ್ತ್ (ಎಷ್ಟು ವೇಗದ ಸಂಕೇತವನ್ನು ನಿಭಾಯಿಸಬಲ್ಲದೆಂಬ ಅಳತೆ) 8 ಮೆಗಾಹರ್ಟ್ಸ್ ಆದರೆ ಎಲ್‌ಎಂ4562ರದು 55. ಇಷ್ಟು ಚುರುಕಾದ ಐಸಿಗೆ ಉದ್ದನೆಯ ಪವರ್ ತಂತಿಯನ್ನೂ ಹೆಡ್‌ಫೋನ್ ಕೇಬಲ್ಲಿನ ಕೆಪಾಸಿಟನ್ಸನ್ನೂ (ವಿದ್ಯುದಾವೇಶ ಹಿಡಿದಿಡುವ ಗುಣವನ್ನೂ) ಒಟ್ಟಿಗೆ ಕೊಟ್ಟರೆ, ಅದು ಕಿವಿಗೆ ಎಟುಕದ ಮೆಗಾಹರ್ಟ್ಸ್ ಮಟ್ಟದಲ್ಲಿ ತಾನೇ ತಾನಾಗಿ ಕಂಪಿಸತೊಡಗಬಹುದು. ಹಾಡಿನಲ್ಲಿ ದೋಷವೇ ಕೇಳಿಸದೆ ಹೋಗಬಹುದು. ಚಿಪ್ ಮಾತ್ರ ಕಾಯುತ್ತಲೇ ಇರುತ್ತದೆ. ಧ್ವನಿಯ ರುಚಿಗಾಗಿ ಅಂಗಿ ಬದಲಿಸಿದ ಹಾಗೆ ಐಸಿ ಬದಲಿಸುವ ಚಟದ ಬಗ್ಗೆ ನನಗೆ ಈಗ ಅಷ್ಟೇನೂ ಗೌರವವಿಲ್ಲ. ಕಾಲುಗಳು ಹೊಂದಿಕೊಂಡ ಮಾತ್ರಕ್ಕೆ ಸರ್ಕ್ಯೂಟ್ ಹೊಂದಿಕೊಳ್ಳುವುದಿಲ್ಲ.

ಪರಿಹಾರಕ್ಕೆ ಬೇಕಾದವು ಅಗ್ಗದ ಬಿಡಿಭಾಗಗಳು. ಐಸಿಗೆ ಪವರ್ ಸಿಗುವ 4 ಮತ್ತು 8ನೆಯ ಕಾಲುಗಳ ನಡುವೆ, ಬೋರ್ಡಿನ ಅಡಿಯಲ್ಲಿ, ಕಾಲುಗಳಿಗೆ ಒತ್ತಿದಂತೆಯೇ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಒಂದನ್ನು ಬೆಸೆದೆ. ಎರಡು ಅಂಗುಲ ದೂರವಿಟ್ಟರೆ ಅದರ ಉಪಯೋಗ ಬಹುಮಟ್ಟಿಗೆ ಹೋದಂತೆಯೇ. ಪ್ರತಿ ಔಟ್‌ಪುಟ್ಟಿಗೂ 47 ಓಮ್ ರೆಸಿಸ್ಟರ್ ಸೇರಿಸಿ, ಔಟ್‌ಪುಟ್ಟನ್ನು ಐಸಿಯ ಇನ್‌ಪುಟ್ಟಿಗೆ ಮರಳಿಸುವ ಫೀಡ್‌ಬ್ಯಾಕ್ ತಂತಿಯನ್ನು ಅದರ ಆಚೆ ತುದಿಯಿಂದ ತೆಗೆದುಕೊಂಡೆ. ಇಲ್ಲವಾದರೆ ಕಡಿಮೆ ಓಮ್‌ನ ಇಯರ್‌ಫೋನ್‌ಗಳಲ್ಲಿ ಧ್ವನಿಯ ಸಮತೋಲ ಬದಲಾಗಬಹುದು. ಮೀಟರ್ 11ಕ್ಕೆ ಬಂದು ನಿಂತಿತು.

ಎಲ್ಲರ ತೊಂದರೆಯೂ ಆಸಿಲೇಶನ್ ಆಗಿರಬೇಕಿಲ್ಲ. ಸ್ಟೀರಿಯೊ ಜ್ಯಾಕಿಗೆ ಮೋನೊ ಪ್ಲಗ್ ಚುಚ್ಚಿದರೆ ಬಲಗಡೆಯ ಔಟ್‌ಪುಟ್ ನೇರವಾಗಿ ಗ್ರೌಂಡಿಗೆ ಶಾರ್ಟ್ ಆಗುತ್ತದೆ. ತಗಡಿನ ಡಬ್ಬಿಯಾದರೆ ಹೆಡ್‌ಫೋನ್ ಜ್ಯಾಕಿನ ಮೂಲಕ ವರ್ಚುಯಲ್ ಗ್ರೌಂಡೂ, ಅಡಾಪ್ಟರ್ ಸಾಕೆಟ್ಟಿನ ಮೂಲಕ ಬ್ಯಾಟರಿಯ ಋಣ ತುದಿಯೂ ಅದೇ ತಗಡನ್ನು ಮುಟ್ಟಿ ಒಂದಾಗಿಬಿಡಬಹುದು. ಆದ್ದರಿಂದ ಹಾಡಿಲ್ಲದಾಗ ಔಟ್‌ಪುಟ್ಟಿನ ಡಿಸಿ ವೋಲ್ಟೇಜ್ ಅಳೆಯುವುದು ಅಗತ್ಯ: ಕೆಲವು ಮಿಲಿವೋಲ್ಟ್ ಸಹಜ, 100 ದಾಟಿದ್ದರೆ ಹೆಡ್‌ಫೋನ್ ಸಿಕ್ಕಿಸಬಾರದು.

ಲಿಥಿಯಂ ಬ್ಯಾಟರಿಯ ಆಂಪ್ಲಿಫೈಯರ್ ಚಾರ್ಜ್ ಆಗುವಾಗ ಮಾತ್ರ ಬಿಸಿಯಾದರೆ ಲೆಕ್ಕ ಬೇರೆ. ಟಿಪಿ4056 ಥರದ ಲೀನಿಯರ್ ಚಾರ್ಜರ್ ಐಸಿ 5 ವೋಲ್ಟಿನಿಂದ 3.7 ವೋಲ್ಟಿನ ಬ್ಯಾಟರಿಗೆ 1 ಆಂಪಿಯರ್ ಕೊಡುವಾಗ 1.3 ವ್ಯಾಟನ್ನು ಶಾಖವಾಗಿಯೇ ಕಳೆಯುತ್ತದೆ. ಅದು ಅದರ ಸ್ವಭಾವ. ಬ್ಯಾಟರಿಯೇ ಕಾಯುತ್ತಿದ್ದರೆ, ಅಥವಾ ಸ್ವಲ್ಪವೇ ಉಬ್ಬಿದ್ದರೂ, ಮೀಟರ್ ಹುಡುಕಬೇಡಿ. ಚಾರ್ಜರ್ ಕಳಚಿ, ಬಳಕೆ ಅಲ್ಲಿಗೇ ನಿಲ್ಲಿಸಿ.

ನನ್ನ ಡಬ್ಬಿಯ ಆರು ತೂತುಗಳು ಹಾಗೆಯೇ ಇವೆ. ಧೂಳು ಹೋಗದಿರಲೆಂದು ಒಳಗಡೆಯಿಂದ ಟೇಪ್ ಅಂಟಿಸಿದ್ದೇನೆ.