ಧರ್ಮಗಳ ಪಾಠಕ್ಕೆ ಪರೀಕ್ಷೆ ಬೇಕೇ?

ಎಲ್ಲ ಧರ್ಮಗಳನ್ನೂ ಪರಿಚಯಿಸುವ ಹೊಸ ಪಠ್ಯಕ್ರಮ ಪ್ರೌಢಶಾಲೆಗೆ ಬಂದರೆ, ಅದಕ್ಕೆ ಅಂಕಗಳ ಪರೀಕ್ಷೆಯೂ ಇರಬೇಕೇ?

ಪರ: ಅಂಕವಿಲ್ಲದ ವಿಷಯ ಅನಾಥ

ಪರೀಕ್ಷೆಯ ಪರವಾಗಿ ಬರೆಯುವ ಹೊಣೆ ನನ್ನ ಪಾಲಿಗೆ ಬಂದಿದೆ. ಪರೀಕ್ಷೆ ಎಲ್ಲವನ್ನೂ ಅಳೆಯುತ್ತದೆಂದು ನಾನು ನಂಬಿದವನಲ್ಲ. ಆದರೆ ಪರೀಕ್ಷೆಯಿಲ್ಲದ ವಿಷಯದ ಗತಿ ಏನಾಗುತ್ತದೆಂಬುದನ್ನು ಬಲ್ಲೆ. ವೇಳಾಪಟ್ಟಿಯಲ್ಲಿ ಅದರ ಹೆಸರಿರುತ್ತದೆ, ತರಗತಿಯಲ್ಲಿ ಗಣಿತದ ಉಳಿದ ಪಾಠ ನಡೆಯುತ್ತಿರುತ್ತದೆ.

ಇಂಗ್ಲೆಂಡಿನಲ್ಲಿ ಧರ್ಮಶಿಕ್ಷಣವನ್ನು 1944ರ ಕಾಯ್ದೆಯೇ ಕಡ್ಡಾಯಗೊಳಿಸಿದೆ. ಆದರೂ 2010ರಲ್ಲಿ ಶಾಲೆಗಳ ಸಾಧನೆಯನ್ನು ಅಳೆಯಲು ತಂದ ವಿಷಯಗಳ ಪಟ್ಟಿಯಿಂದ ಅದು ಹೊರಗುಳಿಯಿತು. ಮುಂದಿನ ವರ್ಷಗಳಲ್ಲಿ ಈ ವಿಷಯದ ಕಿರು ಜಿಸಿಎಸ್‌ಇ (ಅಲ್ಲಿನ ಮಕ್ಕಳು ಸುಮಾರು ಹದಿನಾರರ ವಯಸ್ಸಿನಲ್ಲಿ ಬರೆಯುವ ಪರೀಕ್ಷೆ) ಬರೆಯುವವರ ಸಂಖ್ಯೆ ತೀವ್ರವಾಗಿ ಕುಸಿಯಿತು. ಲೆಕ್ಕಕ್ಕೆ ಬಾರದ್ದನ್ನು ಶಾಲೆಗಳು ಕೈಬಿಡುತ್ತವೆ, ಕಾಯ್ದೆ ಏನೇ ಹೇಳಲಿ.

ಅಲ್ಲಿಯೇ 2016ರಿಂದ ಬೋಧನೆಗೆ ಬಂದ ಹೊಸ ಜಿಸಿಎಸ್‌ಇ ಪಠ್ಯಕ್ರಮದಲ್ಲಿ ಎರಡು ಧರ್ಮಗಳ ಅಧ್ಯಯನ ಕಡ್ಡಾಯ. ಅರ್ಧದಷ್ಟು ಅಂಕ ತಿಳಿವಳಿಕೆಗೆ, ಉಳಿದರ್ಧ ವಿಶ್ಲೇಷಣೆ ಮತ್ತು ವಿಮರ್ಶೆಗೆ. ಭಕ್ತಿಗೆ ಅಂಕವಿಲ್ಲ. ರಂಜಾನ್ ಉಪವಾಸದ ಅರ್ಥವನ್ನು ಯಾವ ಮನೆಯ ಹುಡುಗಿಯಾದರೂ ವಿವರಿಸಿ ಪೂರ್ಣ ಅಂಕ ಪಡೆಯಬಹುದು. ಮಕ್ಕಳ ಮನಸ್ಸು ನೋಯುತ್ತದೆ ಎನ್ನುವವರಿಗೆ, ಇತಿಹಾಸದ ಪರೀಕ್ಷೆಯೂ ನೋಯಿಸಬಲ್ಲದು ಎಂದಷ್ಟೇ ಹೇಳಬಲ್ಲೆ.

ವಿರೋಧ: ಐದಕ್ಕೆ ಒಂದು

ಧರ್ಮಗಳ ಪಾಠ ಬೇಕೇ ಬೇಕು. ಅದಕ್ಕೆ ಪರೀಕ್ಷೆ ಬೇಡವೇ ಬೇಡ. ಪರೀಕ್ಷೆ ಬಂದೊಡನೆ ಧರ್ಮವೆಂಬುದು ಬಾಯಿಪಾಠದ ಪಟ್ಟಿಯಾಗುತ್ತದೆ: ಬೌದ್ಧರಿಗೆ ನಾಲ್ಕು ಆರ್ಯಸತ್ಯ, ಮುಸ್ಲಿಮರಿಗೆ ಐದು ಸ್ತಂಭ, ಸಿಖ್ಖರಿಗೆ ಕತ್ತರಿಸದ ಕೂದಲು, ಕಡಗ ಮುಂತಾದ ಐದು ಕಕಾರ. ಪಟ್ಟಿ ಒಪ್ಪಿಸಿದವನಿಗೆ ಪೂರ್ತಿ ಅಂಕ. ಪಕ್ಕದ ಬೆಂಚಿನ ಸಿಖ್ ಗೆಳೆಯನನ್ನು ಕೂದಲೇಕೆ ಕತ್ತರಿಸುವುದಿಲ್ಲವೆಂದು ಕೇಳಿ, ಅವನ ಮಾತನ್ನು ಮನಸ್ಸಿಟ್ಟು ಕೇಳಿಸಿಕೊಂಡವನು ಐದರಲ್ಲಿ ಒಂದನ್ನು ಮರೆತರೆ ಅವನಿಗೆ ಒಂದಂಕ ಕಡಿಮೆ.

ಸಾವಿನ ನಂತರದ ಬದುಕಿನ ಬಗ್ಗೆ ಎರಡು ಧರ್ಮಗಳ ನಂಬಿಕೆಗಳನ್ನು ಹೋಲಿಸಿರಿ ಎಂಬ ಐದಂಕದ ಪ್ರಶ್ನೆ ನಮ್ಮ ಶಾಲೆಯ ಪರೀಕ್ಷೆಯಲ್ಲಿ ಒಮ್ಮೆ ಬಂದಿತ್ತು. ಮೂರು ತಿಂಗಳ ಹಿಂದಷ್ಟೇ ತಂದೆಯನ್ನು ಕಳೆದುಕೊಂಡಿದ್ದ ಹುಡುಗಿಯೊಬ್ಬಳು ಹೋಲಿಕೆಯನ್ನು ಬಿಟ್ಟು, ಅಪ್ಪ ಎಲ್ಲಿದ್ದಾರೆಂದು ಅಮ್ಮ ರಾತ್ರಿ ಹೇಳಿದ್ದನ್ನು ಒಂದು ಪುಟದ ತುಂಬ ಬರೆದಿದ್ದಳು. ಕೊನೆಯ ಎರಡು ಸಾಲುಗಳಲ್ಲಿ ಶಾಯಿ ಕಲಸಿಹೋಗಿತ್ತು. ಮಾದರಿ ಉತ್ತರದಲ್ಲಿದ್ದ ಐದು ಅಂಶಗಳಲ್ಲಿ ಒಂದು ಮಾತ್ರ ಅಲ್ಲಿತ್ತು. ನಾನು ಒಂದಂಕ ಕೊಟ್ಟೆ. ಆ ವರ್ಷ ತಿದ್ದಿದ ಬೇರೆ ಯಾವ ಉತ್ತರಪತ್ರಿಕೆಯೂ ನನಗೆ ನೆನಪಿಲ್ಲ. ಪತ್ರಿಕೆ ಹಿಂತಿರುಗಿಸಿದ ದಿನ ಅವಳು ಮೇಜಿನ ಬಳಿ ಬಂದು, "ಸರ್, ಅಮ್ಮ ಹೇಳಿದ್ದು ತಪ್ಪಾ?" ಎಂದು ಕೇಳಿದಳು. ತಪ್ಪಲ್ಲ ಎಂದೆ. "ಮತ್ತೆ ನಾಲ್ಕು ಅಂಕ ಯಾಕೆ ಹೋಯ್ತು?" ಎಂದಳು.

ಅಂಕವಿಲ್ಲದಿದ್ದರೆ ಪಾಠವೇ ನಡೆಯದು ಎನ್ನುವವರು ಶಿಕ್ಷಕರನ್ನೆಲ್ಲ ಸೋಮಾರಿಗಳೆಂದೇ ತಿಳಿದಂತಿದೆ. ಈ ಪಾಠ ಎಷ್ಟು ಸೂಕ್ಷ್ಮವೆಂಬುದಕ್ಕೆ ನಾರ್ವೆಯನ್ನು ನೋಡಬೇಕು. 1997ರಲ್ಲಿ ಅಲ್ಲಿ ಎಲ್ಲ ಮಕ್ಕಳಿಗೂ ಒಂದೇ ಧರ್ಮಪಾಠವನ್ನು ತಂದಾಗ, ಅದರಲ್ಲಿ ಕ್ರೈಸ್ತ ಧರ್ಮಕ್ಕೇ ಹೆಚ್ಚು ತೂಕವಿದೆ, ಪೂರ್ತಿ ವಿನಾಯಿತಿಯೂ ಇಲ್ಲ ಎಂದು ಕೆಲವು ಪೋಷಕರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. 2007ರಲ್ಲಿ ಪೋಷಕರ ಪರ ತೀರ್ಪು ಬಂತು, ಅದೂ 9–8ರ ಬಹುಮತದಿಂದ. ಹದಿನೇಳು ನ್ಯಾಯಮೂರ್ತಿಗಳೇ ಹೀಗೆ ಇಬ್ಭಾಗವಾಗುವ ವಿಷಯದಲ್ಲಿ, ಮಾದರಿ ಉತ್ತರ ಮುಂದಿಟ್ಟುಕೊಂಡು ಮೂರು ನಿಮಿಷಕ್ಕೊಂದು ಪತ್ರಿಕೆ ತಿದ್ದುವ ನಾನು ಯಾವ ಧೈರ್ಯದಿಂದ ಅಂಕ ಕತ್ತರಿಸಲಿ?

ಆ ಹುಡುಗಿಯ ಪರೀಕ್ಷೆಯ ಮರುವರ್ಷದಿಂದ ನನ್ನ ತರಗತಿಯ ಮಕ್ಕಳು ಈ ಪಾಠಕ್ಕೆ ಟಿಪ್ಪಣಿ ಪುಸ್ತಕ ಇಡುತ್ತಿದ್ದಾರೆ. ಪ್ರತಿ ವಾರ ಓದಿ, ಅಂಚಿನಲ್ಲಿ ನನಗೆ ತೋಚಿದ ಪ್ರಶ್ನೆಯೊಂದನ್ನು ಬರೆದು ಹಿಂತಿರುಗಿಸುತ್ತೇನೆ. ಮುಂದಿನ ವಾರ ಅದರ ಕೆಳಗೆ ಅವರ ಉತ್ತರ ಇರುತ್ತದೆ.